ಬಿಜಾಪುರದಿಂದ ಅಲೀಪುರದವರೆಗೆ: ಶಿಯಾ–ಸುನ್ನಿ ಭೇದದ ಹಾದಿ

ನಮ್ಮ ಕ್ಯಾಲನೂರು ಕೋಲಾರ ತಾಲ್ಲೂಕಿನ ಊರು. ರಾಜ್ಯದ ಹೆಸರಾಂತ ಶಿಯಾ ಊರು ಅಲೀಪುರ ಗೌರಿಬಿದನೂರು ತಾಲ್ಲೂಕಿನದು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ತನಕ ಎರಡೂ ಒಂದೇ ಜಿಲ್ಲೆಯಲ್ಲಿದ್ದವು. ಶಿಯಾ–ಸುನ್ನಿ ಎಂದರೆ ದೂರದ ಇರಾನ್, ಸೌದಿಗಳ ಸುದ್ದಿ ಎಂದುಕೊಂಡಿರುವ ನಮ್ಮ ಸೀಮೆಯವರು ಆ ಕಥೆಯ ಕನ್ನಡ ನೆಲದ ಎಳೆಯನ್ನೂ ಅರಿಯಬೇಕು.

632ರಲ್ಲಿ ಪ್ರವಾದಿಯವರು ತೀರಿಕೊಂಡಾಗ ಸಮುದಾಯದ ನಾಯಕತ್ವ ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಅದು ಅಳಿಯ ಅಲಿಯವರಿಗೇ ಸಲ್ಲಬೇಕಿತ್ತು ಎಂದವರು ಮುಂದೆ ಶಿಯಾ ಎನಿಸಿಕೊಂಡರು. ಅಬೂಬಕರ್ ಮೊದಲಾದ ಖಲೀಫರನ್ನು ಒಪ್ಪಿದವರ ಪರಂಪರೆ ಸುನ್ನಿ ಆಯಿತು. 680ರಲ್ಲಿ ಕರ್ಬಲಾದಲ್ಲಿ ಅಲಿಯವರ ಮಗ ಹುಸೇನರು ಬಲಿಯಾದದ್ದು ಈ ಬಿರುಕಿಗೆ ಆರದ ಶೋಕವನ್ನು ಕೂಡಿಸಿತು.

1501ರಲ್ಲಿ ಇರಾನಿನ ಸಫವಿ ದೊರೆ ಇಸ್ಮಾಯಿಲ್ ಶಿಯಾ ಪಂಥವನ್ನು ರಾಜಧರ್ಮವಾಗಿಸಿದ. ಕೆಲವೇ ವರ್ಷಗಳಲ್ಲಿ ಬಿಜಾಪುರದ ಯೂಸುಫ್ ಆದಿಲ್‌ಶಾಹನೂ ಅದೇ ದಾರಿ ಹಿಡಿದ. ದರ್ಬಾರಿನಲ್ಲಿ ಎರಡು ಬಣಗಳಿದ್ದವು. ಇರಾನ್ ಕಡೆಯಿಂದ ಬಂದ 'ಅಫಾಕಿ'ಗಳಲ್ಲಿ ಶಿಯಾಗಳು ಹೆಚ್ಚು. ಇಲ್ಲೇ ನೆಲೆಯೂರಿದ 'ದಖನಿ'ಗಳಲ್ಲಿ ಸುನ್ನಿಗಳು ಹೆಚ್ಚು. 1534ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹಿಂ ಸುನ್ನಿ ಪಂಥಕ್ಕೆ ಮರಳಿ, ಬಹಳಷ್ಟು ಅಫಾಕಿಗಳನ್ನು ಕೆಲಸದಿಂದ ತೆಗೆದು, ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ತಿರುಗಿಸಿದ. 1558ರಲ್ಲಿ ಒಂದನೆಯ ಅಲಿ ಮತ್ತೆ ಶಿಯಾ ಪಂಥವನ್ನು ತಂದ. 1580ರ ನಂತರ ಅದೂ ಬದಲಾಯಿತು. ಪಂಥ ಬದಲಾದಾಗಲೆಲ್ಲ ಹುದ್ದೆ, ಜಹಗೀರುಗಳೂ ಕೈ ಬದಲಾಯಿಸಿದವು.

ಈ ಏರಿಳಿತವನ್ನು ವಿಸ್ತಾರವಾಗಿ ಬರೆದವನು ಬಿಜಾಪುರದಲ್ಲೇ ಇದ್ದ ಇತಿಹಾಸಕಾರ ಫಿರಿಶ್ತಾ. ಅವನ ಕಣ್ಣೆಲ್ಲ ಸಿಂಹಾಸನದ ಮೇಲೆ. 1978ರಲ್ಲಿ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಅಧ್ಯಯನ ಪ್ರಕಟಿಸಿ, ದರ್ಬಾರಿನ ಹೊರಗಿನ ಸಮಾಜದತ್ತ ಗಮನ ಸೆಳೆದರು. ರಹಮತ್ ತರೀಕೆರೆಯವರು ಕನ್ನಡದಲ್ಲಿ ಸೂಫಿಗಳನ್ನೂ ಮೊಹರಂ ಆಚರಣೆಯನ್ನೂ ಊರೂರು ತಿರುಗಿ ದಾಖಲಿಸಿದರು. ಅಧ್ಯಯನ ಹೀಗೆ ಅರಮನೆಯಿಂದ ಊರಬಾಗಿಲಿಗೆ ಬಂತು.

ಅಲ್ಲಿ ಕಂಡ ಚಿತ್ರವೇ ಬೇರೆ. ಬಯಲುಸೀಮೆಯಲ್ಲಿ ಮೊಹರಂ 'ಬಾಬಯ್ಯನ ಹಬ್ಬ'. ಅನೇಕ ಹಳ್ಳಿಗಳಲ್ಲಿ ಪಂಜಾ ಹೊರುವವರು, ಕೆಂಡ ಹಾಯುವವರು, ಸಕ್ಕರೆ ಓದಿಸುವವರು ಹಿಂದೂಗಳು, ಸುನ್ನಿಗಳು. ಕರ್ಬಲಾದ ಶೋಕ ಇಲ್ಲಿ ಊರ ಹರಕೆಯಾಗಿದೆ. ಆಡಳಿತದಲ್ಲೂ ಪಂಥ ಅಡ್ಡ ಬರದ ಉದಾಹರಣೆಯಿದೆ: 1824ರಲ್ಲಿ ಶಿರಾಜಿನಿಂದ ಕುದುರೆಗಳೊಂದಿಗೆ ಬೆಂಗಳೂರಿಗೆ ಬಂದ ಆಗಾ ಅಲಿ ಅಸ್ಕರರ ಮೊಮ್ಮಗ ಸರ್ ಮಿರ್ಜಾ ಇಸ್ಮಾಯಿಲ್, ಶಿಯಾ ಮನೆತನದವರು, 1926ರಿಂದ 1941ರವರೆಗೆ ಹಿಂದೂ ಅರಸರ ಮೈಸೂರಿಗೆ ದಿವಾನರಾಗಿದ್ದರು.

ಅತ್ತ ಪಶ್ಚಿಮ ಏಷ್ಯಾದಲ್ಲಿ, ಇರಾನಿನ 1979ರ ಕ್ರಾಂತಿಯ ಬಳಿಕ ಆ ದೇಶ ಮತ್ತು ಸೌದಿ ಪೈಪೋಟಿಗೆ ಇಳಿದವು. 1980ರಿಂದ 88ರವರೆಗೆ ಇರಾನ್–ಇರಾಕ್ ಯುದ್ಧ ನಡೆಯಿತು. 1980ರ ದಶಕದಲ್ಲೇ, ಆಗ ಇರಾನಿನ ನಾಯಕರಲ್ಲೊಬ್ಬರಾಗಿದ್ದ ಖಾಮೆನೇಯಿ ಅಲೀಪುರಕ್ಕೂ ಬಂದುಹೋದರು. 2016ರಲ್ಲಿ ಕಡಿದುಬಿದ್ದ ಇರಾನ್–ಸೌದಿ ಸಂಬಂಧವನ್ನು 2023ರ ಮಾರ್ಚ್‌ನಲ್ಲಿ ಬೀಜಿಂಗ್ ಒಪ್ಪಂದ ಮತ್ತೆ ಹೊಸೆಯಿತು. ನಂಬಿಕೆಯ ಭೇದ ಹಾಗೆಯೇ ಇತ್ತು. ಬದಲಾದದ್ದು ರಾಜ್ಯಗಳ ಲೆಕ್ಕಾಚಾರ.

ಬಿಜಾಪುರ ಕಲಿಸುವ ಪಾಠವೂ ಇದೇ. ಪಂಥಭೇದ ತಾನಾಗಿ ಕತ್ತಿ ಹಿರಿಯುವುದಿಲ್ಲ. ಅಧಿಕಾರ ಅದರ ಕೈಗೆ ಕತ್ತಿ ಕೊಡುತ್ತದೆ. ಪಶ್ಚಿಮ ಏಷ್ಯಾದ ಸುದ್ದಿ ಓದುವಾಗ ಯಾರು ಯಾವ ಪಂಥ ಎನ್ನುವುದಕ್ಕಿಂತ ಮೊದಲು, ಯಾರಿಗೆ ಏನು ದಕ್ಕುತ್ತಿದೆ ಎಂದು ಕೇಳಿಕೊಳ್ಳೋಣ.