ತೊಟ್ಟಿಯ ಎತ್ತರ, ಷವರಿನ ಬಿಸಿ

ಚಾವಣಿಯ ಮೇಲೆ ನೀರಿನ ತೊಟ್ಟಿ, ಅದರ ಕೆಳಗೇ ಬಚ್ಚಲುಮನೆ. ಇಂತಹ ಮನೆಯಲ್ಲಿ ಷವರ್ ತಿರುಗಿಸಿದರೆ ನೀರು ಸಣ್ಣಗೆ ಬೀಳುವುದು ಎಲ್ಲರಿಗೂ ಗೊತ್ತು. ಈ ಮಂದ ಹರಿವನ್ನೇ ಅನುಕೂಲವಾಗಿ ಬಳಸಿಕೊಂಡ ಸಾಧನವೊಂದಿದೆ. ಅದು ಬ್ರೆಜಿಲ್ ದೇಶದ ವಿದ್ಯುತ್ ಷವರ್. ಅದರ ಇತಿಹಾಸವನ್ನು ನೋಡಿದರೆ ಒತ್ತಡ, ಹರಿವು ಮತ್ತು ಶಾಖ ಈ ಮೂರರ ಸಂಬಂಧ ಸ್ಪಷ್ಟವಾಗುತ್ತದೆ. ಅದನ್ನು ಅಳವಡಿಸುವಾಗ ಜೀವಕ್ಕೆ ಅಪಾಯ ಎಲ್ಲಿದೆ ಎಂಬುದೂ ತಿಳಿಯುತ್ತದೆ.

ಹರಿಯುವ ನೀರನ್ನು ಕಾಯಿಸುವುದು

ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಿಂದ ಮೈಮೇಲೆ ಸುರಿದುಕೊಳ್ಳುವ ಸ್ನಾನಕ್ಕೆ ಒತ್ತಡದ ಹಂಗಿಲ್ಲ. ನೀರು ಹರಿಯುತ್ತಿರುವಾಗಲೇ ಕಾಯಬೇಕು ಎಂದಾಗ ಸಮಸ್ಯೆ ಶುರುವಾಗುತ್ತದೆ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಅನಿಲದ ಜ್ವಾಲೆಯಿಂದ ಹರಿಯುವ ನೀರನ್ನು ಕಾಯಿಸುವ ಸಾಧನವನ್ನು ರೂಪಿಸಿದ. ಐಸ್‌ಲೆಂಡಿನ ಬಿಸಿನೀರಿನ ಬುಗ್ಗೆಯ ನೆನಪಿನಲ್ಲಿ ಅದನ್ನು ‘ಗೀಸರ್’ ಎಂದು ಕರೆದ. ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿರುವುದು ಅದೇ ಹೆಸರು.

ವಿದ್ಯುತ್ತಿನಿಂದ ಕಾಯಿಸುವ ತತ್ತ್ವವನ್ನು ಜೂಲ್ 1841ರಲ್ಲಿ ಪ್ರಕಟಿಸಿದ್ದ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೂ ತಂತಿಯ ರೋಧಕ್ಕೂ ಅನುಪಾತದಲ್ಲಿರುತ್ತದೆ. ಆದರೆ ತಕ್ಕ ತಂತಿ ದೊರೆತದ್ದು ಬಹಳ ತಡವಾಗಿ. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ಪೇಟೆಂಟ್ ಪಡೆದ ನಿಕ್ಕಲ್-ಕ್ರೋಮಿಯಂ ಮಿಶ್ರಲೋಹವೇ ನೈಕ್ರೋಮ್. ಅದರ ರೋಧಶೀಲತೆ ತಾಮ್ರದ ಸುಮಾರು 60 ಪಟ್ಟು. ಹೀಗಾಗಿ ಮುಷ್ಟಿಯಷ್ಟು ಜಾಗದಲ್ಲಿ ಹಲವು ಕಿಲೋವ್ಯಾಟ್ ಶಾಖವನ್ನು ಪಡೆಯುವುದು ಸಾಧ್ಯವಾಯಿತು.

ಬ್ರೆಜಿಲ್ ಕಂಡುಕೊಂಡ ದಾರಿ

20ನೇ ಶತಮಾನದ ಮೊದಲ ದಶಕಗಳಲ್ಲಿ ಸಾವೊಪಾಲೊ ಪ್ರಾಂತದಲ್ಲಿ ಜಲವಿದ್ಯುತ್ ವೇಗವಾಗಿ ಬೆಳೆಯಿತು. ಕುಬಟಾವೊ ಬಳಿಯ ದೊಡ್ಡ ಜಲವಿದ್ಯುದಾಗಾರ 1926ರಲ್ಲಿ ಆರಂಭವಾಯಿತು. ಅನಿಲದ ಕೊಳವೆಯಿಲ್ಲದ ಮನೆಗಳೇ ಹೆಚ್ಚು. ಅಲ್ಲಿಯೂ ನೀರು ಬರುತ್ತಿದ್ದುದು ಚಾವಣಿಯ ತೊಟ್ಟಿಯಿಂದ, ಒಂದೇ ತಣ್ಣೀರಿನ ಕೊಳವೆಯಲ್ಲಿ. ಬಿಸಿನೀರಿಗೆಂದು ಬೇರೆ ಪಾತ್ರೆ, ಬೇರೆ ಕೊಳವೆ ಹಾಕಿಸುವುದು ದುಬಾರಿ. ಆದ್ದರಿಂದ ಕಾಯಿಸುವ ಸುರುಳಿಯನ್ನೇ ಷವರಿನ ತಲೆಯೊಳಗೆ ಇಡಲಾಯಿತು. ಬ್ರೆಜಿಲ್‌ನಲ್ಲಿ ಇದರ ಕೀರ್ತಿಯನ್ನು ಜಾವು ಪಟ್ಟಣದ ಫ್ರಾನ್ಸಿಸ್ಕೊ ಕಾನ್ಯೋಸ್‌ಗೆ ಸಲ್ಲಿಸುತ್ತಾರೆ.

ಈ ಸಾಧನದ ಜಾಣತನವಿರುವುದು ಅದರ ಸ್ವಿಚ್ಚಿನಲ್ಲಿ. ನಲ್ಲಿ ತಿರುಗಿಸಿದಾಗ ಷವರಿನ ಕೋಣೆಯಲ್ಲಿ ನೀರು ತುಂಬಿ ಒಂದು ರಬ್ಬರ್ ಪೊರೆಯನ್ನು ತಳ್ಳುತ್ತದೆ. ಪೊರೆ ವಿದ್ಯುತ್ ಸಂಪರ್ಕಗಳನ್ನು ಕೂಡಿಸುತ್ತದೆ. ನೀರು ನಿಂತರೆ ಪೊರೆ ಹಿಂದೆ ಸರಿದು ಸಂಪರ್ಕ ಕಡಿಯುತ್ತದೆ. ನೀರಿಲ್ಲದೆ ಸುರುಳಿ ಸುಟ್ಟುಹೋಗದಂತೆ ಕಾಯುವುದು ಒತ್ತಡವೇ. ಇದಕ್ಕೆ ಸಾಮಾನ್ಯವಾಗಿ ಕನಿಷ್ಠ 10 ಕಿಲೋಪಾಸ್ಕಲ್ ಒತ್ತಡ ಬೇಕು, ಅಂದರೆ ಸುಮಾರು 1 ಮೀಟರ್ ಎತ್ತರದ ಜಲಸ್ತಂಭ. ತೊಟ್ಟಿಯ ತಳ ಷವರಿಗಿಂತ ಅಷ್ಟಾದರೂ ಮೇಲಿರದಿದ್ದರೆ ಸಂಪರ್ಕ ಕೂಡುವುದಿಲ್ಲ, ಇಲ್ಲವೆ ಅರೆಬರೆ ಕೂಡಿ ಕಿಡಿ ಹಾರುತ್ತದೆ.

ಒತ್ತಡ ಹೆಚ್ಚಿದರೆ ನೀರು ತಣ್ಣಗೆ!

ನಿಮಿಷಕ್ಕೆ 1 ಲೀಟರಿನಂತೆ ಹರಿಯುವ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಸುಮಾರು 70 ವ್ಯಾಟ್ ಬೇಕು. ಈ ಲೆಕ್ಕದಲ್ಲಿ 5,500 ವ್ಯಾಟಿನ ಷವರ್ ನಿಮಿಷಕ್ಕೆ 4 ಲೀಟರ್ ನೀರನ್ನು ಸುಮಾರು 20 ಡಿಗ್ರಿಯಷ್ಟು ಬಿಸಿ ಮಾಡುತ್ತದೆ. ಟಾರಿಚೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮದಂತೆ ತೊಟ್ಟಿಯಿಂದ ಹೊರಡುವ ನೀರಿನ ವೇಗವು ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ತೊಟ್ಟಿಯನ್ನು 1 ಮೀಟರಿನಿಂದ 4 ಮೀಟರಿಗೆ ಏರಿಸಿದರೆ ಹರಿವು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಆದರೆ ಬಿಸಿಯ ಏರಿಕೆ 10 ಡಿಗ್ರಿಗೆ ಇಳಿಯುತ್ತದೆ! ಆದ್ದರಿಂದಲೇ ಎತ್ತರದ ಕಟ್ಟಡಗಳ ಕೆಳ ಅಂತಸ್ತುಗಳಲ್ಲಿ ಒತ್ತಡ ತಗ್ಗಿಸುವ ಬಿಲ್ಲೆಯನ್ನು ಷವರಿನೊಳಗೆ ಸೇರಿಸುತ್ತಾರೆ.

ಬ್ರಿಟನ್ನಿನ ಹಳೆಯ ಮನೆಗಳಲ್ಲಿಯೂ ತೊಟ್ಟಿ ಇರುವುದು ಅಟ್ಟದ ಮೇಲೆ. ಆದರೆ ಅಲ್ಲಿ ವಿದ್ಯುತ್ ಷವರನ್ನು ತೊಟ್ಟಿಗೆ ಜೋಡಿಸದೆ ನೇರವಾಗಿ ಬೀದಿಯ ಕೊಳವೆಯ ನೀರಿಗೆ ಜೋಡಿಸುವ ಪದ್ಧತಿ ಬೆಳೆಯಿತು. ಅಂತಹ ಷವರಿಗೆ ಸಾಮಾನ್ಯವಾಗಿ 70ರಿಂದ 100 ಕಿಲೋಪಾಸ್ಕಲ್ ಬೇಕು. ತೊಟ್ಟಿಯಿಂದಲೇ ಅಷ್ಟು ಒತ್ತಡ ಪಡೆಯಬೇಕಾದರೆ ಅದನ್ನು 7ರಿಂದ 10 ಮೀಟರ್ ಎತ್ತರದಲ್ಲಿಡಬೇಕು, ಇಲ್ಲವೆ ಪಂಪು ಬೇಕು. ಹೀಗೆ ಎರಡು ದೇಶಗಳ ಷವರುಗಳಿಗೆ ಹೆಸರು ಒಂದೇ ಆದರೂ ಬೇಕಾದ ಒತ್ತಡ ಬೇರೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡದು.

ಎಚ್ಚರ ಬೇಕಾದಲ್ಲಿ

ಬ್ರೆಜಿಲ್‌ನ ಸಾಮಾನ್ಯ ಷವರಿನಲ್ಲಿ ನೈಕ್ರೋಮ್ ಸುರುಳಿ ಹೊದಿಕೆಯಿಲ್ಲದೆ ನೇರವಾಗಿ ನೀರಿನಲ್ಲಿರುತ್ತದೆ. ಲವಣಗಳು ಕರಗಿರುವ ನೀರು ವಿದ್ಯುತ್ತನ್ನು ಒಯ್ಯಬಲ್ಲದು. ಸೋರುವ ಪ್ರವಾಹವು ಸ್ನಾನ ಮಾಡುವವರ ಮೈಯನ್ನು ಬಿಟ್ಟು ನೆಲಕ್ಕೆ ಹೋಗಲು ಭೂಸಂಪರ್ಕದ ತಂತಿ ಬೇಕೇ ಬೇಕು. ಹೊಸ ಕಟ್ಟಡಗಳಲ್ಲಿ ಭೂಸಂಪರ್ಕ ವ್ಯವಸ್ಥೆಯನ್ನು ಕಡ್ಡಾಯಗೊಳಿಸುವ ಕಾನೂನನ್ನು ಬ್ರೆಜಿಲ್ ತಂದದ್ದು 2006ರಲ್ಲಿ.

ಎರಡನೆಯ ಅಪಾಯ ಗೋಡೆಯೊಳಗಿನ ತಂತಿಯಲ್ಲಿದೆ. 220 ವೋಲ್ಟ್‌ನಲ್ಲಿ 5,500 ವ್ಯಾಟ್ ಎಂದರೆ 25 ಆಂಪಿಯರ್. 127 ವೋಲ್ಟ್ ಪೂರೈಕೆಯಿರುವ ಬ್ರೆಜಿಲ್ ಮನೆಗಳಲ್ಲಿ ಇದು 43 ಆಂಪಿಯರ್. ದೀಪಕ್ಕೆಂದು ಎಳೆದ ತೆಳು ತಂತಿಯಲ್ಲಿ ಇಷ್ಟು ಹರಿದರೆ ಜೂಲ್ ನಿಯಮವು ಷವರಿನಂತೆ ಗೋಡೆಯನ್ನೂ ಕಾಯಿಸುತ್ತದೆ!

ನಮ್ಮ ತಾರಸಿ ತೊಟ್ಟಿಗಳ ಮನೆಗಳಿಗೂ ಈ ಪಾಠ ಅನ್ವಯಿಸುತ್ತದೆ. ಹರಿವು ಸಾಲದೆಂದು ಪಂಪು ಕೂಡಿಸಿದರೆ ಒತ್ತಡ ಬರುತ್ತದೆ, ಶಾಖ ಬರುವುದಿಲ್ಲ. 3 ಕಿಲೋವ್ಯಾಟಿನ ದಿಢೀರ್ ಗೀಸರ್ 20 ಡಿಗ್ರಿಯಷ್ಟು ಕಾಯಿಸಬಲ್ಲದ್ದು ನಿಮಿಷಕ್ಕೆ ಸುಮಾರು 2 ಲೀಟರನ್ನು ಮಾತ್ರ. ಆದ್ದರಿಂದ ಕೊಳ್ಳುವ ಮೊದಲು 1 ಲೀಟರ್ ಪಾತ್ರೆಯೊಂದು ಷವರಿನ ಕೆಳಗೆ ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆಂದು ಅಳೆಯಿರಿ. 60ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಮಿಷದ ಹರಿವು ಸಿಗುತ್ತದೆ. ಅದನ್ನು ಬೇಕಾದ ಉಷ್ಣತೆಯ ಏರಿಕೆಯಿಂದಲೂ 70ರಿಂದಲೂ ಗುಣಿಸಿದರೆ ಬೇಕಾದ ವ್ಯಾಟ್ ಎಷ್ಟೆಂದು ತಿಳಿಯುತ್ತದೆ. ಆ ವ್ಯಾಟಿಗೆ ತಕ್ಕ ತಂತಿ, ಭೂಸಂಪರ್ಕ ಹಾಗೂ 30 ಮಿಲಿಆಂಪಿಯರ್ ಸೋರಿದೊಡನೆ ವಿದ್ಯುತ್ ಕಡಿಯುವ ಆರ್‌ಸಿಸಿಬಿ, ಈ ಮೂರೂ ಇದ್ದರೆ ಮಾತ್ರ ಅಳವಡಿಕೆಗೆ ಕೈಹಾಕಬೇಕು. ಆ ಕೆಲಸ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರದೇ ಆಗಿರಲಿ.