ಮೂಷೆಯ ಆಯ್ಕೆ: ಕಡಬದ ತಾಮ್ರಶಾಸನದ ಹಿನ್ನೆಲೆಯಲ್ಲಿ ಒಂದು ವಿಚಾರ

ಗುಬ್ಬಿ ತಾಲ್ಲೂಕಿನ ಕಡಬದ ಹೆಸರಿನಿಂದ ಪ್ರಸಿದ್ಧವಾದ ತಾಮ್ರಶಾಸನವು ರಾಷ್ಟ್ರಕೂಟ ಪ್ರಭೂತವರ್ಷ ಮೂರನೆಯ ಗೋವಿಂದನದು. ಅದರಲ್ಲಿ ಉಕ್ತವಾದ ಕಾಲ ಶಕವರ್ಷ 735. ಕುನುಂಗಿಲ್ ದೇಶವನ್ನಾಳುತ್ತಿದ್ದ ವಿಮಲಾದಿತ್ಯನ ಶನಿಪೀಡೆಯನ್ನು ಪರಿಹರಿಸಿದ ಅರ್ಕಕೀರ್ತಿಮುನಿಗೆ, ಶಿಲಾಗ್ರಾಮದ ಜಿನೇಂದ್ರಭವನದ ಸಲುವಾಗಿ, ಚಾಕಿರಾಜನ ವಿಜ್ಞಾಪನೆಯ ಮೇರೆಗೆ ಜಾಲಮಂಗಲ ಗ್ರಾಮವು ದತ್ತವಾದುದನ್ನು ಅದು ತಿಳಿಸುತ್ತದೆ. ಯಾಪನೀಯ ನಂದಿಸಂಘದ ಇತಿಹಾಸಕ್ಕೆ ಆಕರವಾದ ಈ ಶಾಸನದ ಪಾಠ, ಕಾಲ, ಪ್ರಾಮಾಣ್ಯಗಳನ್ನು ಕುರಿತು ವಿದ್ವಾಂಸರು ವಿಪುಲವಾಗಿ ಚರ್ಚಿಸಿದ್ದಾರೆ. ಆದರೆ ತಾಮ್ರಪಟವಾಗಲಿ, ಪಂಚಲೋಹದ ಜಿನಬಿಂಬವಾಗಲಿ, ರೂಪು ತಳೆಯುವ ಮುನ್ನ ಮೂಷೆಯಲ್ಲಿ ಕರಗಿದ ಲೋಹವೆಂಬ ಸಂಗತಿಯತ್ತ ಹರಿದ ಲಕ್ಷ್ಯವು ಅಲ್ಪ.

ಲೋಹದೋಷಗಳನ್ನು ಅಪಹರಿಸುವುದರಿಂದ ಮೂಷೆಗೆ ಆ ಹೆಸರೆಂದು ‘ರಸರತ್ನಸಮುಚ್ಚಯ’ವು ನಿರ್ವಚಿಸುತ್ತದೆ. ಬಹುಕಾಲ ಊದಿದರೂ ತಾಳುವ ಮಣ್ಣೇ ಮೂಷೆಗೆ ಯೋಗ್ಯ; ಅದು ದೊರೆಯದಿದ್ದರೆ ಹುತ್ತದ ಮಣ್ಣು ಅಥವಾ ಕುಂಬಾರನ ಮಣ್ಣು. ಅದಕ್ಕೆ ಸುಟ್ಟ ಹೊಟ್ಟು, ಸೆಣಬಿನ ನಾರು, ಇದ್ದಿಲು, ಕುದುರೆಯ ಲದ್ದಿಗಳನ್ನು ಬೆರೆಸಿ ಕಬ್ಬಿಣದ ದಂಡದಿಂದ ಕುಟ್ಟಬೇಕೆಂದು ವಿಧಿಯಿದೆ. ನಾರು ಮತ್ತು ಹೊಟ್ಟು ಒಣಗುವಾಗ ಬಿರುಕನ್ನು ತಡೆಯುತ್ತವೆ. ಇದ್ದಿಲು ಉರಿಯನ್ನು ಸಹಿಸುವ ಶಕ್ತಿಯನ್ನು ಹೆಚ್ಚಿಸುತ್ತದೆ.

ಮೂಷೆಯ ಆಕಾರವೂ ಯಾದೃಚ್ಛಿಕವಲ್ಲ. ತಾಮ್ರವು ಸುಮಾರು 1085 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಸತುವಾದರೋ 907 ಡಿಗ್ರಿಯಲ್ಲಿಯೇ ಆವಿಯಾಗುತ್ತದೆ. ಆದುದರಿಂದ ಹಿತ್ತಾಳೆಯನ್ನು ಬಾಯ್ದೆರೆದ ಮೂಷೆಯಲ್ಲಿ ಕರಗಿಸಿದರೆ ಸತುವು ಹೊಗೆಯಾಗಿ ಹೋಗಿ ಮಿಶ್ರಣದ ಪ್ರಮಾಣವೇ ಕೆಡುತ್ತದೆ. ಖರ್ಪರದ ಸತ್ತ್ವವನ್ನು, ಅಂದರೆ ಸತುವನ್ನು, ತೆಗೆಯಲು ಹನ್ನೆರಡು ಅಂಗುಲದ ನಾಳವುಳ್ಳ, ಬದನೆಕಾಯಿಯಾಕಾರದ ವೃಂತಾಕಮೂಷೆಯನ್ನು ವಿಧಿಸಿರುವುದು ಈ ಸ್ವಭಾವವನ್ನು ಅರಿತೇ.

ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಮಧೂಚ್ಛಿಷ್ಟವಿಧಾನದಲ್ಲಿಯೂ ಇದೇ ವಿವೇಕವು ಕಾಣುತ್ತದೆ. ಮೇಣದ ತೂಕಕ್ಕೆ ಹಿತ್ತಾಳೆ, ತಾಮ್ರಗಳು ಎಂಟು ಪಾಲು, ಬೆಳ್ಳಿ ಹನ್ನೆರಡು ಪಾಲು, ಚಿನ್ನ ಹದಿನಾರು ಪಾಲು. ಲೋಹವನ್ನು ಮಣ್ಣಿನಿಂದ ಮುಚ್ಚಿ ತೆಂಗಿನಕಾಯಿಯಾಕಾರದ ಮೂಷೆಯನ್ನು ಮಾಡಿ, ಕರಗಿದ ಬಳಿಕ ಕಬ್ಬಿಣದ ಸಲಾಕೆಯಿಂದ ರಂಧ್ರ ಮಾಡಿ ಅಚ್ಚಿಗೆ ಸುರಿಯಬೇಕು. ಮುಚ್ಚಿದ ಮೂಷೆಯಲ್ಲಿ ಲೋಹನಷ್ಟವು ಅಲ್ಪವಾದುದರಿಂದ ತೂಕದ ಈ ಲೆಕ್ಕವು ನಿಲ್ಲುತ್ತದೆ.

ಇದರಿಂದ ಫಲಿಸುವುದಿಷ್ಟು: ಹಸ್ತಪ್ರತಿಗಳಲ್ಲಿ ಬರುವ ಮೂಷಾನಾಮಗಳನ್ನು ಪರ್ಯಾಯಪದಗಳೆಂದು ಭಾವಿಸಿ ಸಂಪಾದಕನು ಒಂದನ್ನು ಮತ್ತೊಂದರಿಂದ ತಿದ್ದಲಾಗದು, ತಿದ್ದಿದರೆ ಪ್ರಕ್ರಿಯೆಯೇ ಅಳಿಯುತ್ತದೆ. ಅಂತೆಯೇ ಬಸದಿಗಳ ಪರಿಸರದಲ್ಲಿ ದೊರೆಯುವ, ಒಳಗೆ ಗಾಜಿನಂತೆ ಕರಗಿ ಅಂಟಿದ ಮಡಕೆಯ ಚೂರುಗಳು ಕಸವಲ್ಲ. ಬಿಂಬವು ಎಲ್ಲಿ, ಹೇಗೆ ಎರಕಗೊಂಡಿತೆಂಬುದನ್ನು ಪೀಠಲೇಖವು ಹೇಳದೆಡೆ ಆ ಚೂರೇ ಹೇಳಬಲ್ಲುದು.