ಕಾಸೆ

ಹೈಟಿಯ ವೊಡೂ ಪೂಜೆಯ ಡೋಲುಗಾರರ ಮಾತು ‘ಕಾಸೆ’. ಮುರಿಯುವುದು ಎಂಬರ್ಥದ ಫ್ರೆಂಚ್ ಕ್ರಿಯಾಪದ ಕ್ರಿಯೋಲ್ ಭಾಷೆಗೆ ಇಳಿದು ಈ ರೂಪ ಪಡೆಯಿತು. ಆದರೆ ಇಲ್ಲಿ ತಾಳವೇನೂ ಮುರಿಯುವುದಿಲ್ಲ. ವೊಡೂವಿನ ಒಂದು ಬಗೆಯಾದ ರಾಡಾ ಪೂಜೆಯಲ್ಲಿ (ಹೆಸರಿನ ಮೂಲ ಇಂದಿನ ಬೆನಿನ್ ದೇಶದ ಅಲ್ಲಾಡಾ) ಮೂರು ಡೋಲುಗಳು: ಚಿಕ್ಕದು ಬುಲಾ, ನಡುವಿನದು ಸೆಗೊನ್, ದೊಡ್ಡದು ಮನ್‌ಮನ್, ಅಂದರೆ ತಾಯಿ. ಬುಲಾ ಮತ್ತು ಓಗಾನ್ ಎಂಬ ಕಬ್ಬಿಣದ ಗಂಟೆ ತಮ್ಮ ನಡೆಯನ್ನು ಬಿಡುವುದೇ ಇಲ್ಲ. ಯಾನ್ವಾಲು ಕುಣಿತದವರು ಮೊಣಕಾಲು ಬಾಗಿಸಿ, ಬೆನ್ನನ್ನು ಅಲೆಯಾಗಿ ಏಳಿಸಿ ಇಳಿಸುತ್ತಿರುವಾಗ ಮನ್‌ಮನ್ ಮಾತ್ರ ಥಟ್ಟನೆ ಪೆಟ್ಟಿನ ಒತ್ತನ್ನು ಪಕ್ಕಕ್ಕೆ ಸರಿಸುತ್ತದೆ; ಇದೇ ಕಾಸೆ. ಕುಣಿಯುವವರ ಮೈಯ ಅಲೆ ಕಡಿಯುತ್ತದೆ. ಲ್ವಾ ಎಂಬ ದೈವ ಮೈದುಂಬುವುದು ಎಷ್ಟೋ ಸಲ ಆ ಘಳಿಗೆಯಲ್ಲೇ. ಮುರಿಯುವುದು ಮೈಯ ಲಯ. ನನ್ನ ಮಟ್ಟಿಗೆ ಪದದ ಜೀವ ಇರುವುದು ಅಲ್ಲಿ.

ಹಾಗಾದರೆ ಮೈದುಂಬುವುದು ಬರೀ ಸದ್ದಿನ ಪರಿಣಾಮವಲ್ಲವೇ ಎಂದು ಕೇಳಬಹುದು. 1960ರ ದಶಕದ ಆರಂಭದಲ್ಲಿ ಸಂಶೋಧಕ ಆಂಡ್ರ್ಯೂ ನೆಹರ್ ಮಂಡಿಸಿದ್ದು ಹೆಚ್ಚುಕಡಿಮೆ ಇದೇ ವಾದ. 1980ರಲ್ಲಿ ಫ್ರೆಂಚ್ ಸಂಗೀತಶಾಸ್ತ್ರಜ್ಞ ಜಿಲ್ಬೇರ್ ರೂಜೆ ಅದನ್ನು ಒಪ್ಪಲಿಲ್ಲ: ಸದ್ದೊಂದೇ ಸಾಕಾಗಿದ್ದರೆ ಡೋಲು ಕೇಳಿದವರೆಲ್ಲ ಮೈಮರೆಯಬೇಕಿತ್ತು. ಈ ಮಾತು ನನಗೆ ಸರಿ ಕಾಣುತ್ತದೆ. ಕಾಸೆ ಕೆಲಸ ಮಾಡುವುದು ಆ ಕುಣಿತ ಮೈಗೂಡಿದವರ ಮೇಲೆ, ಅದೂ ಒಂದೇ ನಡೆ ಬಹಳ ಹೊತ್ತು ಸಾಗಿದ ಮೇಲೆ. 1936–37ರಲ್ಲಿ ಅಮೆರಿಕದ ಜನಪದ ಸಂಗೀತ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಹೈಟಿಯಲ್ಲಿ ಮಾಡಿದ ಧ್ವನಿಮುದ್ರಣಗಳು ಅಮೂಲ್ಯವೇ. ಆದರೆ ಆಗಿನ ಅಲ್ಯೂಮಿನಿಯಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಕೆಲವೇ ನಿಮಿಷ. ಅಂಥ ತುಣುಕಿನಲ್ಲಿ ಕಾಸೆ ವಾದಕ ತಪ್ಪಿದಂತೆ ಕೇಳಿಸಿದರೆ, ಕಾರಣ ಅದರ ಹಿಂದಿನ ದೀರ್ಘ ನಡೆ ಮುದ್ರಣದ ಹೊರಗುಳಿದಿರುವುದು.